ಹಳೇಬೀಡಿಗೆ ಹಗ್ಗದ ದಾರಿ

ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಚಾರ್ಜರ್, ಸ್ಪೀಕರ್, ಹೆಸರಿಲ್ಲದ ಹೆಡ್‌ಫೋನ್‌ಗಳ ನಡುವೆ ಹೊಯ್ಸಳರು ಸಿಕ್ಕರು. ಸೆಕೆಂಡ್‌ಹ್ಯಾಂಡ್ ವಿಡಿಯೊ ಗೇಮ್ ಡಿಸ್ಕ್, ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’, 2017ರದು, ಅಮೆರಿಕದ ನಾಟಿ ಡಾಗ್‌ನವರು ಮಾಡಿದ್ದು. “ಇದು ನಮ್ಮ ಊರಿನ ಕಡೆ ಕತೆ” ಎಂದೆ ಅಂಗಡಿಯವನಿಗೆ. “ಫಿರ್ ಭೀ ರೇಟ್ ವಹೀಚ್” ಎಂದ.

ನಾಯಕಿ ಕ್ಲೋಯಿ, ಜೊತೆಗಾತಿ ನಡೀನ್. ಗಣೇಶನ ದಂತ ಹುಡುಕುತ್ತ ಪಶ್ಚಿಮ ಘಟ್ಟದಲ್ಲಿ ಜೀಪು ಓಡಿಸುತ್ತಾರೆ. ಹಳೇಬೀಡೂ ಬರುತ್ತದೆ, ಆದರೆ ಎಂಥ ಹಳೇಬೀಡು! ಜಲಪಾತ, ಪ್ರಪಾತ, ಮುಗಿಲೆತ್ತರದ ವಿಗ್ರಹ. ನಿಜವಾದ ಹಳೇಬೀಡಿನಲ್ಲಿ ನಾವು ಹತ್ತುವುದು ದೇವಸ್ಥಾನದ ಜಗತಿಯನ್ನು, ಅದೂ ಮೆಟ್ಟಿಲ ಮೇಲೆ, ಚಪ್ಪಲಿ ಬಿಟ್ಟು.

ಕ್ಲೋಯಿ ಹಗ್ಗ ಬೀಸಿ ಕಂದಕ ಹಾರಿದಾಗ ಹಿಂದೆ ಕೂತಿದ್ದ ಅಮ್ಮ, “ಹಾಸನದಿಂದ ಬಸ್ಸಿದೆಯಲ್ಲೋ, ಪಾಪ, ಈ ಹುಡುಗಿಗೆ ಯಾರೂ ಹೇಳ್ಲಿಲ್ವಾ?” ಎಂದರು. ಕಂಬ ಮುರಿದಾಗಲೆಲ್ಲ ಪುರಾತತ್ವ ಇಲಾಖೆಯವರನ್ನು ವಿಚಾರಿಸಿದರು. ಇಬ್ಬರು ಹೆಂಗಸರ ಮುನಿಸು, ರಾಜಿ ಮಾತ್ರ ಅವರಿಗೂ ಹಿಡಿಸಿತು. ಧಾರಾವಾಹಿಗಿಂತ ವಾಸಿ ಎಂಬ ಸರ್ಟಿಫಿಕೇಟೂ ಸಿಕ್ಕಿತು. ಸಿಕ್ಕಿಬಿದ್ದ ಆನೆಯನ್ನು ಬಿಡಿಸಿ ಅದರ ಮೇಲೆ ಸವಾರಿ ಹೊರಟಾಗಲಂತೂ ಅಮ್ಮ ಕೈಮುಗಿದೇಬಿಟ್ಟರು. ಕೊನೆಗೆ ರೈಲಿನ ಮೇಲೆ ದೊಡ್ಡ ಕಾಳಗವಿದೆ, ಆದರೆ ಅಲ್ಲಿಗೆ ಹೋಗಲು ಬಿಟ್ಟರೆ ತಾನೇ? ದಿನಾ ಸಂಜೆ ಅಪ್ಪಣೆಯಾಗುತ್ತದೆ: “ಆನೆದು ಹಾಕೋ.”