ಮೂವರಿದ್ದರಷ್ಟೇ ಮಾತು

ಇಂಗ್ಲೆಂಡಿನ ಹಳ್ಳಿಗಳಲ್ಲಿ ಪ್ಯಾರಿಷ್ ಕೌನ್ಸಿಲ್ ಎಂಬುದೊಂದಿದೆ. ಅಲ್ಲಿನ ಸ್ಥಳೀಯ ಆಡಳಿತದಲ್ಲಿ ಅದು ಕಟ್ಟಕಡೆಯ ಮೆಟ್ಟಿಲು. ಅನೇಕ ಕಡೆ ಅದರ ಮೇಲೆ ಜಿಲ್ಲೆ, ಜಿಲ್ಲೆಯ ಮೇಲೆ ಕೌಂಟಿ. ಸುಮಾರು ಹತ್ತು ಸಾವಿರ ಇರುವ ಈ ಸಂಸ್ಥೆಗಳಲ್ಲಿ ಒಂದನ್ನು ಮಾತಾಡಿಸಲು ಹೋದೆ. ಒಪ್ಪಿತು; ಮೂರು ಪೂರ್ಣ ದಿನ ಮೊದಲೇ ನೋಟಿಸ್ ಅಂಟಿಸಬೇಕು ಎಂದಿತು. ಅಂಟಿಸಿದ್ದಾಯಿತು. ಸಂಜೆ ಏಳೂವರೆ, ಹಳ್ಳಿಯ ಸಭಾಭವನ. ಮೇಜಿನಾಚೆ ಮೂವರು ಸದಸ್ಯರು, ಒಬ್ಬರು ಕ್ಲರ್ಕ್, ಒಂದು ತಟ್ಟೆ ಬಿಸ್ಕತ್ತು. ಸದಸ್ಯರು ಮೂವರಾದರೂ ಕೌನ್ಸಿಲ್ಲಿಗೆ ಬಾಯಿ ಒಂದೇ.

ನಾನು: ನಮಸ್ಕಾರ. ತಮಗೆ ವಯಸ್ಸೆಷ್ಟು?

ಕೌನ್ಸಿಲ್: ತಾಳಿ. ಮೊದಲನೆಯ ವಿಷಯ, ಬಾರದವರ ಕ್ಷಮಾಪಣೆ. ಇಬ್ಬರು ಬಂದಿಲ್ಲ. ಎರಡನೆಯದು, ಹಿತಾಸಕ್ತಿ ಘೋಷಣೆ. ಯಾರಿಗೂ ಇಲ್ಲ. ಈಗ ಹೇಳಬಹುದು: 1894ರಲ್ಲಿ ಹುಟ್ಟಿದೆ. ಅದಕ್ಕೂ ಮುಂಚೆ ಊರಿನ ಕಾರುಬಾರು ಚರ್ಚಿನ ವೆಸ್ಟ್ರಿ ಸಭೆಯದ್ದು. ಅಂದರೆ ಪಾದ್ರಿ ಹೇಳಬೇಕು, ಜಮೀನುದಾರ ತಲೆಯಾಡಿಸಬೇಕು. ಗ್ಲಾಡ್‌ಸ್ಟನ್ ಕೊನೆಯ ಸಲ ಪ್ರಧಾನಿಯಾಗಿದ್ದಾಗ ಬಂದ ಕಾಯ್ದೆ ನನ್ನನ್ನು ಚರ್ಚಿನಿಂದ ಬೇರೆ ಮಾಡಿತು. ಪಾಲಾದರೂ ಮನೆತನದ ಹೆಸರು ಬಿಡಲಿಲ್ಲ, ಹಾಗಾಗಿ ಇವತ್ತಿಗೂ ಪ್ಯಾರಿಷ್ಷೇ. ಇನ್ನೊಂದು ಮಾತು ಬರೆದುಕೊಳ್ಳಿ. ಮದುವೆಯಾದ ಹೆಂಗಸರೂ ನನ್ನ ಚುನಾವಣೆಗೆ ಅಂದೇ ನಿಲ್ಲಬಹುದಿತ್ತು. ಲಂಡನ್ನಿನ ಪಾರ್ಲಿಮೆಂಟಿಗೆ ಆ ಬುದ್ಧಿ ಬರಲು 1918 ಬೇಕಾಯಿತು.

ನಾನು: ತಮ್ಮ ಅಧಿಕಾರಗಳೇನು?

ಕೌನ್ಸಿಲ್: (ಮೂರು ಎದೆಗಳೂ ಉಬ್ಬುತ್ತವೆ) ಬಸ್ ತಂಗುದಾಣ. ಬೆಂಚು. ಸ್ಮಶಾನ. ಮಕ್ಕಳ ಆಟದ ಬಯಲು. ತರಕಾರಿ ಬೆಳೆದುಕೊಳ್ಳಲು ತುಂಡು ಭೂಮಿ ಬೇಕೆಂದು ಊರಿನ ಆರು ಜನ ಬರೆದುಕೊಟ್ಟರೆ 1908ರ ಕಾಯ್ದೆಯ ಪ್ರಕಾರ ನಾನು ಪರಿಶೀಲಿಸಲೇಬೇಕು. ಯುದ್ಧಸ್ಮಾರಕಕ್ಕೆ 1923ರ ಕಾಯ್ದೆ. ಕೊಳಕ್ಕೆ 1936ರದ್ದು. ಊರ ಗಡಿಯಾರಕ್ಕೆ 1957ರದ್ದು. ಕೆಂಪು ಟೆಲಿಫೋನ್ ಗೂಡನ್ನು ಕಂಪನಿಯಿಂದ ಒಂದು ಪೌಂಡಿಗೆ ಕೊಂಡೆ. ಫೋನು ತೆಗೆದುಕೊಂಡು ಹೋದರು, ನಾನು ಡಿಫಿಬ್ರಿಲೇಟರ್ ಇಟ್ಟೆ. ಕಾಯ್ದೆ ತೋರಿಸದೆ ಹೂಕುಂಡಕ್ಕೆ ಒಂದು ಚೊಂಬು ನೀರನ್ನೂ ಹಾಕುವವನಲ್ಲ ನಾನು.

ನಾನು: ಯಾವ ಕಾಯ್ದೆಯಲ್ಲೂ ಇಲ್ಲದ ಒಳ್ಳೆಯ ಕೆಲಸವೊಂದು ಎದುರಾದರೆ?

ಕೌನ್ಸಿಲ್: ಅದಕ್ಕೂ ಕಾಯ್ದೆ ಇದೆ. 1972ರದ್ದು, 137ನೇ ಕಲಂ. ಮತದಾರರ ತಲೆಗೆ ಇಷ್ಟು ಎಂದು ಪ್ರತಿವರ್ಷ ಸರ್ಕಾರ ಮಿತಿ ಹಾಕುತ್ತದೆ. ಅಷ್ಟರೊಳಗೆ ಎಷ್ಟು ಒಳ್ಳೆಯದನ್ನು ಬೇಕಾದರೂ ಮಾಡಬಹುದು.

ನಾನು: ಬಸ್ಸಿಳಿದ ಕೂಡಲೇ ರಸ್ತೆಯ ಗುಂಡಿಗೆ ಕಾಲಿಟ್ಟೆ.

ಕೌನ್ಸಿಲ್: ಕೌಂಟಿ.

ನಾನು: ಮನೆಮನೆಯ ಕಸ?

ಕೌನ್ಸಿಲ್: ಜಿಲ್ಲೆ.

ನಾನು: ಬೀದಿದೀಪ?

ಕೌನ್ಸಿಲ್: ಯಾವ ಕಂಬ? ಕಾಲುದಾರಿಗೆ ದೀಪ ಹಾಕುವ ಅಧಿಕಾರ ನನ್ನದು. ದೊಡ್ಡ ರಸ್ತೆಯದ್ದು ಕೌಂಟಿಯದು. ಕತ್ತಲೆ ಜಂಟಿ ಖಾತೆ.

ನಾನು: ಊರಾಚೆಯ ಹೊಲದಲ್ಲಿ ಮನೆಗಳ ಸಾಲು ಏಳುತ್ತಿದೆಯಲ್ಲ?

ಕೌನ್ಸಿಲ್: ನನ್ನ ಅಭಿಪ್ರಾಯ ಕೇಳಿದ್ದರು. ಕೊಡುವ ಹಕ್ಕು ನನ್ನದು, ತೀರ್ಮಾನ ಮೇಲಿನವರದು. ನಾಲ್ಕು ಪುಟ ವಿರೋಧ ಬರೆದೆ. ಅವರು ಗಮನಿಸಿದರು. ಆಮೇಲೆ ಮನೆಗಳೆದ್ದವು. ಈಗ ಆ ಮನೆಗಳವರೇ ಪಕ್ಕದ ಹೊಲದ ಅರ್ಜಿಯನ್ನು ವಿರೋಧಿಸಲು ನನ್ನ ಸಭೆಗೆ ಬರುತ್ತಿದ್ದಾರೆ. ಇಷ್ಟು ಜನ ಬಂದದ್ದು ನನಗೂ ಸಂತೋಷವೇ.

ನಾನು: ಇದಕ್ಕೆಲ್ಲ ಹಣ?

ಕೌನ್ಸಿಲ್: ನನಗೆ ಬೇಕಾದ ಮೊತ್ತ ಬರೆದು ಮೇಲಕ್ಕೆ ಕಳಿಸುತ್ತೇನೆ. ಅವರು ತಮ್ಮ ಕೌನ್ಸಿಲ್ ತೆರಿಗೆಯ ಬಿಲ್ಲಿನಲ್ಲಿ ಒಂದು ಸಾಲು ಸೇರಿಸಿ ವಸೂಲು ಮಾಡಿ ಕೊಡಬೇಕು, ಇಲ್ಲ ಎನ್ನುವಂತಿಲ್ಲ. ಅವರು ಮಿತಿ ಮೀರಿ ತೆರಿಗೆ ಏರಿಸಿದರೆ ಜನಮತಗಣನೆಗೆ ಹೋಗಬೇಕು. ಆ ಮಿತಿಯನ್ನು ನನಗೆ ಹಾಕಿಲ್ಲ. (ತಗ್ಗಿದ ದನಿಯಲ್ಲಿ) ನಾನೊಬ್ಬ ಇದ್ದೇನೆಂಬುದು ನೆನಪಾಗಿರಲಿಕ್ಕಿಲ್ಲ.

ನಾನು: ನಮ್ಮ ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಸದಸ್ಯಗಿರಿಗಾಗಿ ಊರಿಗೆ ಊರೇ ಎರಡಾಗುತ್ತದೆ. ಅಲ್ಲಲ್ಲಿ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿಯೂ ಬಂದಿದೆ.

ಕೌನ್ಸಿಲ್: ಹರಾಜು! (ಕ್ಲರ್ಕ್ ಕನ್ನಡಕ ತೆಗೆದು ನನ್ನನ್ನು ನೋಡುತ್ತಾರೆ) ಕೊಳ್ಳುವವರಿದ್ದಾರೆಯೇ? ನನ್ನಲ್ಲಿ ಎಷ್ಟೋ ಸಲ ಇರುವ ಸ್ಥಾನಗಳಷ್ಟು ಅಭ್ಯರ್ಥಿಗಳೂ ಸಿಗುವುದಿಲ್ಲ. ಸಂಬಳವಿಲ್ಲ, ಬೈಗುಳ ಉಂಟು. ನಡುವೆ ಸ್ಥಾನ ತೆರವಾದರೆ ನೋಟಿಸ್ ಹಾಕುತ್ತೇವೆ. ಹತ್ತು ಮತದಾರರು ಕೇಳಿದರೆ ಉಪಚುನಾವಣೆ. ಕೇಳದಿದ್ದರೆ ನಾವೇ ಯಾರನ್ನಾದರೂ ಸೇರಿಸಿಕೊಳ್ಳಬಹುದು. ಅಂದರೆ ನಾಯಿ ಅಡ್ಡಾಡಿಸುತ್ತಿರುವವರನ್ನು ಅಡ್ಡಗಟ್ಟುವುದು. ಸಿಕ್ಕಿಬಿದ್ದವರು ಮೊದಲ ಸಭೆಯಲ್ಲೇ ನಾಯಿಯ ಹೇಲಿನ ಬಗ್ಗೆ ಬಂದ ದೂರು ಕೇಳಬೇಕು.

ನಾನು: ಆದರೂ 2020ರ ಡಿಸೆಂಬರಿನ ಹ್ಯಾಂಡ್‌ಫೋರ್ತ್ ಸಭೆಯಿಂದ ತಮ್ಮ ಹೆಸರು ಎಲ್ಲೆಡೆ ಹಬ್ಬಿತು.

ಕೌನ್ಸಿಲ್: ಅದು ಅಜೆಂಡಾದಲ್ಲಿಲ್ಲ.

ನಾನು: ಝೂಮ್ ಸಭೆ ನಡೆಸಿಕೊಡಲು ಬಂದ ಜಾಕಿ ವೀವರ್ ಅಧ್ಯಕ್ಷರನ್ನೇ ಸಭೆಯಿಂದಾಚೆ ಕಳಿಸಿಬಿಟ್ಟರಲ್ಲ? ನಿಮಗೆ ಆ ಅಧಿಕಾರವಿಲ್ಲ ಎಂದು ಕೂಗಾಡಿದ ಆ ವಿಡಿಯೊ ನನಗೆ ಬಂದದ್ದು ಬೆಂಗಳೂರಿನ ನೆಂಟರಿಂದ.

ಕೌನ್ಸಿಲ್: (ಬಿಸ್ಕತ್ತು ಮುರಿಯುತ್ತ) ಚೆಷೈರಿನ ಆ ನನ್ನ ದಾಯಾದಿ ಮಾಡಿದ ರಾದ್ಧಾಂತ. ನೂರಿಪ್ಪತ್ತೈದು ವರ್ಷ ಬೆಂಚಿಗೆ ಬಣ್ಣ ಹೊಡೆಸಿದೆವು, ಯಾರೂ ತಿರುಗಿ ನೋಡಲಿಲ್ಲ. ಒಂದು ಸಂಜೆ ಜಗಳವಾಡಿದ್ದೇ ತಡ, ಲೋಕವೆಲ್ಲ ನೋಡಿತು. ಕ್ಲರ್ಕ್, ಇದನ್ನು ‘ಗಮನಿಸಲಾಯಿತು’ ಎಂದಷ್ಟೇ ಬರೆಯಿರಿ.

ನಾನು: ಈ ಭವನದಲ್ಲಿ ಹೀಟರ್ ಕೂಡ ಕೆಲಸ ಮಾಡುತ್ತಿಲ್ಲ. ಎದುರಿಗೇ ಪಬ್ಬಿದೆ, ಸಭೆ ಅಲ್ಲಿಟ್ಟುಕೊಳ್ಳಬಾರದೇ?

ಕೌನ್ಸಿಲ್: ಪುಕ್ಕಟೆಯಾಗಿಯೋ ಹದವಾದ ಬಾಡಿಗೆಗೋ ಬೇರೆ ಕೋಣೆ ಸಿಗುವಷ್ಟು ದಿನ, ಮದ್ಯ ಮಾರುವ ಜಾಗದಲ್ಲಿ ನಾನು ಸಭೆ ಸೇರುವಂತಿಲ್ಲ. 1972ರ ಕಾಯ್ದೆಯೇ. ಸಭೆ ಮುಗಿದ ಮೇಲೆ ಹೋಗಲು ಅಡ್ಡಿಯಿಲ್ಲ. (ಎಡಗಡೆಯ ಸದಸ್ಯರು ಕೋಟಿನ ಗುಂಡಿ ಹಾಕಿಕೊಳ್ಳತೊಡಗುತ್ತಾರೆ)

ನಾನು: ಕೊನೆಯ ಪ್ರಶ್ನೆ. ತಾವು ಇಲ್ಲದೇ ಹೋದರೆ ಊರಿಗೇನು ನಷ್ಟ?

ಕೌನ್ಸಿಲ್: ಯಾರಾದರೂ ಕೇಳಲಿ ಎಂದು ನೂರಮೂವತ್ತು ವರ್ಷದಿಂದ ಕಾದಿದ್ದೇನೆ. ನೋಡಿ, ಗುಂಡಿ ಕೌಂಟಿಯದು, ಕಸ ಜಿಲ್ಲೆಯದು, ನಿಜ. ಆದರೆ ಅವರ ಕಚೇರಿಯಲ್ಲಿ ಫೋನೆತ್ತುವ ಯಂತ್ರ ಒಂದು ಒತ್ತಿ, ಎರಡು ಒತ್ತಿ ಎನ್ನುತ್ತದೆ. ನನ್ನನ್ನಾದರೆ ಜನ ಅಂಗಡಿಯ ಮುಂದೆ ಹಿಡಿದು ನಿಲ್ಲಿಸಿ ಬೈಯುತ್ತಾರೆ. ಹಾಗೆ ಬೈಸಿಕೊಳ್ಳುವುದಕ್ಕೆ ಊರಲ್ಲಿ ಒಬ್ಬರಾದರೂ—

ಎಡಗಡೆಯ ಸದಸ್ಯರು ಎದ್ದು ಪಬ್ಬಿನ ಕಡೆ ನಡೆದರು. ಉಳಿದವರು ಇಬ್ಬರು. ಕೋರಂಗೆ ಕನಿಷ್ಠ ಮೂವರು ಬೇಕು. ಕೌನ್ಸಿಲ್ಲಿನ ಮಾತು ಅಲ್ಲಿಗೇ ನಿಂತಿತು. ಕ್ಲರ್ಕ್ ಗಡಿಯಾರ ನೋಡಿ ಹೊತ್ತು ಬರೆದುಕೊಂಡರು. ಆಮೇಲೆ ನನ್ನತ್ತ ತಿರುಗಿ, ತೀರಾ ವಿನಯದಿಂದ ವಿಚಾರಿಸಿದರು: ‘ತಾವು ಭಾರತದವರು, ಅಂದರೆ ಕಾಮನ್‌ವೆಲ್ತ್. ಕಾಯಂ ವಾಸದ ಪರವಾನಗಿ ಇದೆ ತಾನೇ? ವರ್ಷದಿಂದ ಈ ಕಡೆಯೇ ಇದ್ದೀರಾ? ಮನೆ ಈ ಊರಿನಿಂದ ಮೂರು ಮೈಲಿಯೊಳಗಿದ್ದರೆ ಸಾಕು.’

ನಾಲ್ಕು ಮೈಲಿ ಎಂದೆ.