ಕಡ ತಂದ ಎತ್ತು

ಕುಪ್ಪೇಲೂರಿನಲ್ಲಿ ನನ್ನ ಹಾಸ್ಯ ಕಾರ್ಯಕ್ರಮಕ್ಕೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನಗಿಸಿದವನು ಮಾತ್ರ ನಾನಲ್ಲ. ಅವಸರವಿಲ್ಲದಿದ್ದರೆ ಹೀಗೆ ಕಟ್ಟೆಗೆ ಬನ್ನಿ, ಹೇಳುತ್ತೇನೆ.

ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗನೂ ಇದೇ ಕಸುಬಿನವನು. "ಮಾಮಾ, ಇದಕ್ಕ ಈಗ ಸ್ಟ್ಯಾಂಡ್‌ಅಪ್ ಅಂತಾರ" ಎಂದು ನನ್ನನ್ನು ತಿದ್ದುತ್ತಾನೆ. ಅವನು ಕಾಫಿ ಅಂಗಡಿಯಲ್ಲಿ ಟಿಕೆಟ್ ಇಟ್ಟು ನಗಿಸುತ್ತಾನೆ. ನಾನೂ ನಿಂತೇ ನಗಿಸುವವನು. ಕುರ್ಚಿಗಳೆಲ್ಲ ಅತಿಥಿಗಳಿಗೆ ಹೋದ ಮೇಲೆ ಬೇರೆ ದಾರಿಯೇ ಇರುವುದಿಲ್ಲ. ಕರಪತ್ರದಲ್ಲಿ ಸಂಜೆ 6 ಗಂಟೆ ಎಂದಿರುತ್ತದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಸನ್ಮಾನ ಮುಗಿದು ಮೈಕು ನನ್ನ ಕೈಗೆ ಬರುವಾಗ ಹನ್ನೊಂದೂವರೆ. ಗಣ್ಯರ ಕೊರಳಿಗೆ ಹಾವೇರಿಯ ಏಲಕ್ಕಿ ಮಾಲೆ, ನನಗೆ ಚೆಂಡು ಹೂವಿನದು. ಅದಕ್ಕೆ ಬೇಸರವಿಲ್ಲ ಬಿಡಿ. ಪಕ್ಕದವರ ಏಲಕ್ಕಿ ಪರಿಮಳಕ್ಕೆ ಪಾಯಸ ನೆನಪಾಗಿ ಹಸಿವು ಹೆಚ್ಚುತ್ತದೆ, ಅಷ್ಟೇ.

ನಮ್ಮದು ಹೊಸ ಕಸುಬೇನಲ್ಲ. ದೊಡ್ಡಾಟದ ಸಾರಥಿಯನ್ನು ನೋಡಿದವರಿಗೆ ಗೊತ್ತು: ಕಿರೀಟ ಹೊತ್ತು ಕುಣಿದು ಬಂದ ರಾಜನನ್ನೇ ತಡೆದು "ನೀ ಯಾರು, ಎಲ್ಲಿಂದ ಬಂದಿ" ಎಂದು ವಿಚಾರಿಸುವ ಅಧಿಕಾರ ಅವನೊಬ್ಬನಿಗೇ. ಇನ್ನು ತುಂಗಭದ್ರೆ ದಾಟಿದರೆ ಹರಪನಹಳ್ಳಿ. 1913ರಲ್ಲಿ ಅಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಬರೆದುಕೊಂಡು ಬೀಚಿಯಾದರು. ಆತ್ಮಕಥೆಗೆ 'ಭಯಾಗ್ರಫಿ' ಎಂದು ಹೆಸರಿಟ್ಟ ಪುಣ್ಯಾತ್ಮ. ಅವರ ತಿಂಮನನ್ನು ಗಂಗಾವತಿ ಪ್ರಾಣೇಶರು ಊರೂರಿನ ವೇದಿಕೆ ಹತ್ತಿಸಿದರು. ನಾನು ಪ್ರಾಣೇಶರ ಕ್ಯಾಸೆಟ್ಟುಗಳನ್ನು ಟೇಪು ಸವೆಯುವಷ್ಟು ಕೇಳಿ ಈ ದಾರಿ ಹಿಡಿದೆ. ಹಾಗಾಗಿ ಜೋಕೆಂದರೆ ಕಡ ತಂದ ಎತ್ತು ಎಂಬುದು ನನ್ನ ಸಿದ್ಧಾಂತ. ಒಂದು ದಿನ ಹೂಡಬೇಕು, ಸಂಜೆ ಮೈ ತೊಳೆದು ಒಡೆಯನ ಗೋದಲಿಗೆ ಕಟ್ಟಿ ಬರಬೇಕು. ಯಾವ ಎತ್ತು ಯಾರದೆಂದು ನನಗೇ ಮರೆತು ಹೋಗಿದೆ, ಅದು ಬೇರೆ ಮಾತು.

ಖಾರದ ಪ್ರಮಾಣವೂ ಮುಖ್ಯ. 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ನಮ್ಮ ಬ್ಯಾಡಗಿ ಮೆಣಸಿನಕಾಯಿ ನೋಡಿ, ಮೈಯೆಲ್ಲ ಸುಕ್ಕು, ಬಣ್ಣ ಕಡುಗೆಂಪು, ಖಾರ ಕಡಿಮೆ. ನಗೆಮಾತೂ ಹಾಗೇ ಇರಬೇಕು. ಒಮ್ಮೆ ಗುಂಟೂರು ಬೆರೆಸಿ ನೋಡಿದೆ: ವೇದಿಕೆಯ ಮೇಲಿದ್ದ ಪುಢಾರಿಯೊಬ್ಬರ ಹೊಟ್ಟೆಯ ಬಗ್ಗೆ ಎರಡು ಮಾತಾಡಿದೆ. ಆ ರಾತ್ರಿ ನನ್ನ ಹೊಟ್ಟೆಗೆ ಏನೂ ಬೀಳಲಿಲ್ಲ.

ಎಲ್ಲಿದ್ದೆ? ಹಾಂ, ಕುಪ್ಪೇಲೂರು. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜ ಕೂತಿದ್ದ. ಹೆಗಲ ಮೇಲೆ ಟವಲು, ಕೈಯಲ್ಲಿ ಅಡಕತ್ತರಿ. ನಾನು ಒಂದು ಜೋಕು ಮುಗಿಸಿದರೆ ಅವನು ಒಂದು ಅಡಿಕೆ ಕತ್ತರಿಸುತ್ತಿದ್ದ. ಕಟ್! ಸಭೆಯಲ್ಲಿ ಅದೊಂದೇ ಸಪ್ಪಳ. ಎತ್ತಿನ ಸಿದ್ಧಾಂತ ಹೇಳಿದೆ. ಕಟ್. ಬೆವರೊರೆಸಿಕೊಂಡು, ಗ್ಯಾರಂಟಿ ಎತ್ತನ್ನೇ ಕೊಟ್ಟಿಗೆಯಿಂದ ಹೊರಗೆ ಬಿಟ್ಟೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆಯಲ್ಲವೇ? ಆದರೂ ಕಂಡಕ್ಟರು ಶೂನ್ಯ ಟಿಕೆಟ್ ಹರಿಯಲೇಬೇಕು. "ಒಬ್ಬ ಮುದುಕಿ ಬಸ್ ಹತ್ತಿದಳು. ಕಂಡಕ್ಟರ್ ಕೇಳಿದ, ಎಲ್ಲಿಗವ್ವಾ? ಆಗ ಮುದುಕಿ..."

"ದೂರದ್ದ ಕೊಡಪಾ, ಹೆಂಗೂ ಪುಕ್ಕಟ ಐತಿ!" ಎಂದ ಅಜ್ಜ, ಅಡಿಕೆಯಿಂದ ಕಣ್ಣೆತ್ತದೆ.

ವಾಟ್ಸಾಪು ನನಗಿಂತ ಮೊದಲೇ ಊರಿಗೆ ಬಂದಿತ್ತೆಂದು ಕಾಣುತ್ತದೆ. ಮೈಕು ಹಿಡಿದ ಕೈ ನಡುಗಿತು. ಏನಾದರೂ ಅನ್ನಬೇಕಲ್ಲ, "ಯಜ್ಜಾ, ನಿಮಗ ಮೊದಲ ಹೆಂಗ ಗೊತ್ತಾತ್ರಿ?" ಎಂದೆ.

"ಆ ಮುದುಕಿ ನಮ್ಮ ಮನ್ಯಾಕಿನೋ ತಮ್ಮಾ. ಕರಸ್ಲೇನು?"

ಪೆಂಡಾಲು ಹಾರಿ ಹೋಗುವಂಥ ನಗೆ. ಮಲಗಿದ್ದ ಮಕ್ಕಳು ಎದ್ದು ಕೂತು, ಯಾಕೆಂದು ತಿಳಿಯದೆ ತಾವೂ ನಕ್ಕವು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಮುಂದಿನ ತಿಂಗಳು ಬ್ಯಾಡಗಿಯಲ್ಲಿ ಅಜ್ಜನ ಮಾತನ್ನು ನನ್ನದೇ ಎಂಬಂತೆ ಸೇರಿಸಿ ಹೇಳಿದೆ. ಚಪ್ಪಾಳೆ ಬಿತ್ತು, ಆ ಸಲ ಹೊಟ್ಟೆತುಂಬ ಊಟವೂ ಸಿಕ್ಕಿತು.

ಮೊನ್ನೆ ಯಾವುದೋ ಕೆಲಸಕ್ಕೆ ಕುಪ್ಪೇಲೂರಿಗೆ ಹೋದವನು ಬಸ್ಸಿಗೆ ಕಾಯುತ್ತಿದ್ದೆ. ಬೆನ್ನ ಹಿಂದೆ ಕಟ್ ಎಂದಿತು.

"ನಮ್ಮ ಎತ್ತು ಬ್ಯಾಡಗ್ಯಾಗ ಚಲೋ ಹೂಡ್ತಂತಲ್ಲೋ?"

ತಪ್ಪಿಸಿಕೊಳ್ಳಲು ಬಸ್ಸು ಬರಲಿಲ್ಲ. ಮೇವಿನ ಲೆಕ್ಕಕ್ಕೆ ಅಜ್ಜನನ್ನು ಮಿರ್ಚಿ ಅಂಗಡಿಗೆ ಕರೆದುಕೊಂಡು ಹೋದೆ. ಒಂದು ಪ್ಲೇಟು ಮಿರ್ಚಿ-ಮಂಡಕ್ಕಿ ನಿಧಾನಕ್ಕೆ ತಿಂದು, ಟವಲಿನಿಂದ ಕೈ ಒರೆಸಿಕೊಂಡು ಎದ್ದವನು ಅಂಗಡಿಯವನ ಕಡೆ ತಿರುಗಿದ.

"ಇನ್ನೊಂದು ಪ್ಲೇಟ್ ಕಟ್ಟಪಾ, ಇವರ ಲೆಕ್ಕಕ್ಕ." ಆಮೇಲೆ ನನ್ನ ಕಡೆ ನೋಡಿ, "ಮುದುಕೀಗೆ ಬೇಕಲ್ಲೋ, ಮೊದಲಿನ ಮಾತು ಆಕೀದು."