ಮಾವನವರ ಪಾತಿ, ರೆಡ್‌ಬಡ್‌ನ ಫಜೀತಿ

ಅಮೆರಿಕದಲ್ಲಿ ಮನೆ ಮಾಡಿಕೊಂಡ ಕನ್ನಡಿಗರ ಗಿಡಪ್ರೇಮವೆಲ್ಲ ಒಂದೇ ಒಂದು ಕುಂಡದಲ್ಲಿ ಮುಗಿದುಹೋಗುತ್ತದೆ. ಆ ಕುಂಡದಲ್ಲಿರುವುದು ಕರಿಬೇವು. ಚಳಿ ಶುರುವಾಯಿತೆಂದರೆ ಅದನ್ನು ಎತ್ತಿ ಒಳಗೆ ತಂದು ಕಿಟಕಿ ಪಕ್ಕ ಕೂರಿಸಿ, ಮೇಲೊಂದು ದೀಪ ಹಾಕುತ್ತೇವೆ. ಊರಿಗೆ ಹೊರಟರೆ ಮನೆ ಕೀಲಿಕೈ ಯಾರಿಗಾದರೂ ಕೊಟ್ಟೇವು, ಕರಿಬೇವನ್ನು ನಂಬಿಕಸ್ಥರ ಕೈಗೇ ಒಪ್ಪಿಸಬೇಕು. ಅಂಗಳದಲ್ಲಿ ನಿಂತಿರುವ ಮರ ಯಾವುದೆಂದು ಕೇಳಿದರೆ ಮಾತ್ರ “ಯಾವುದೋ ಲೋಕಲ್ ಮರ” ಅಂದುಬಿಡುತ್ತೇವೆ.

ನಾರ್ತ್ ಕ್ಯಾರೊಲಿನಾದ ರಾಲಿಯಲ್ಲಿರುವ ನಮ್ಮ ಮನೆ ಮುಂದಿನ ಲೋಕಲ್ ಮರ ರೆಡ್‌ಬಡ್. ಚಳಿಗಾಲದಲ್ಲಿ ಅದು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಮಾರ್ಚ್ ಬಂತೋ, ಒಂದು ಎಲೆಯೂ ಇಲ್ಲದ ಕಪ್ಪು ಕೊಂಬೆಗಳ ತುಂಬ ನೇರಳೆ ಬೆರೆತ ಗುಲಾಬಿ ಹೂ. ಕೊಂಬೆ ಸಾಲದೆಂದು ದಪ್ಪ ಕಾಂಡದ ತೊಗಟೆಯಿಂದಲೇ ಗೊಂಚಲು ಗೊಂಚಲಾಗಿ ಹೊರಬರುತ್ತದೆ. ಎಲೆಗಳಿಗೆ ಹೃದಯದ ಆಕಾರ. ಅವರೆ, ತೊಗರಿಗಳ ಕುಲ. ಅದರೊಳಗೂ ನಮ್ಮ ಬಸವನಪಾದಕ್ಕೆ ಹತ್ತಿರದ ದಾಯಾದಿ. ಆದರೆ ಕುಲಕಸುಬು ಬಿಟ್ಟ ಮರ. ಬೇರುಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಮಣ್ಣಿಗಿಳಿಸುವ ಕೆಲಸ ಇದಕ್ಕೆ ಬಾರದು. ಹಾಗಿದ್ದೂ ಮರ್ಯಾದೆಗೆ ಕೊರತೆಯಿಲ್ಲ: ಓಕ್ಲಹೋಮಾದವರು 1937ರಲ್ಲೇ ಇದನ್ನು ತಮ್ಮ ರಾಜ್ಯದ ಮರ ಮಾಡಿಕೊಂಡಿದ್ದಾರೆ.

ಹೀಗೆ ತನ್ನ ಪಾಡಿಗೆ ತಾನಿದ್ದ ಮರಕ್ಕೆ ಮೊದಲ ಕಂಟಕ ನಮ್ಮ ಮನೆಯವರಿಂದ ಬಂತು. ಜನವರಿಯ ಒಂದು ಭಾನುವಾರ, ಕೊಂಬೆ ಸವರುವುದು ಹೇಗೆಂದು ವಿಡಿಯೋ ನೋಡಿ, ಹೊಸ ಕತ್ತರಿ ತಂದು, ಮರಕ್ಕೆ ‘ಶೇಪ್’ ಕೊಟ್ಟರು. ರೆಡ್‌ಬಡ್‌ ಬರುವ ವಸಂತದ ಮೊಗ್ಗನ್ನು ಹಿಂದಿನ ವರ್ಷವೇ ಕೊಂಬೆಯಲ್ಲಿ ಕಟ್ಟಿಟ್ಟಿರುತ್ತದೆ. ಅಂದ ಮೇಲೆ ಚಳಿಗಾಲದಲ್ಲಿ ಕತ್ತರಿಸಿದ್ದೆಲ್ಲ ಹೂವೇ. ಮಾರ್ಚ್‌ನಲ್ಲಿ ಅರಸೀಕೆರೆಯಿಂದ ಬಂದಿಳಿದ ಮಾವನವರು ಮೇಲೆ ಬೋಳಾಗಿ ಕೆಳಗೆ ಹೂಬಿಟ್ಟಿದ್ದ ಮರವನ್ನು ನೋಡಿ, “ಇದಕ್ಯಾಕಮ್ಮ ಮುಡಿ ಕೊಟ್ಟಿದೀರಿ? ಹರಕೆ ಇತ್ತಾ?” ಎಂದರು.

ಮಾವನವರು ತೆಂಗಿನ ತೋಟದವರು. ಇಲ್ಲಿನ ಕೆಂಪು ಜೇಡಿಮಣ್ಣನ್ನು ಹಿಡಿಯಲ್ಲಿ ಹಿಸುಕಿ ನೋಡಿ, “ನಮ್ಮ ಕಡೆ ಮಣ್ಣೇ ಕಣಮ್ಮ!” ಎಂದು ಹಿಗ್ಗಿದ್ದೇ ತಡ, ಗುದ್ದಲಿ ಎಲ್ಲಿದೆ ಅಂತ ಕೇಳಿದರು. ಮಾರನೆಯ ದಿನ ಮರದ ಸುತ್ತ ಅಚ್ಚುಕಟ್ಟಾದ ಪಾತಿ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಕೊನೆಗೆ ಪೈಪಿನ ನೀರು, ಎಲ್ಲ ಅದಕ್ಕೇ. ಬುಡದಲ್ಲಿ ನೀರು ನಿಲ್ಲುವುದನ್ನು ಸಹಿಸದ ಮರಕ್ಕೆ ಕೆರೆ ಕಟ್ಟಿಕೊಟ್ಟಂತಾಯಿತು. ಜೇಡಿಮಣ್ಣು ನೀರನ್ನು ಬಿಟ್ಟುಕೊಡುವುದಿಲ್ಲ, ಬೇರಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲ. ಎಲೆ ಹಳದಿಯಾದರೆ ಬಾಯಾರಿಕೆ ಎಂದು ತಿಳಿದು ಇನ್ನೊಂದು ಬಕೆಟ್. ನಿಜ ಹೇಳಬೇಕೆಂದರೆ ನೆಟ್ಟ ಮೊದಲ ಒಂದೆರಡು ವರ್ಷ ನೀರು ಕೊಟ್ಟರೆ ಸಾಕು. ಬೇರೂರಿದ ಮೇಲೆ ಕಡುಬೇಸಿಗೆಯಲ್ಲಿ ಮಳೆ ಕೈಕೊಟ್ಟರಷ್ಟೇ ಪೈಪು ಹಿಡಿಯಬೇಕು.

ಪಕ್ಕದ ಮನೆಯ ಅಮೆರಿಕನ್ ಅಜ್ಜ ಬೇಲಿಯಾಚೆಯಿಂದ ನೋಡಿ ತಲೆ ಅಲ್ಲಾಡಿಸಿದರು. ಅವರದು ಇನ್ನೊಂದು ಸಂಪ್ರದಾಯ: ಮಲ್ಚ್, ಅಂದರೆ ಮರದ ಸಿಪ್ಪೆಯ ಚೂರುಗಳನ್ನು ಕಾಂಡಕ್ಕೆ ಒತ್ತಿ ಮೊಣಕಾಲೆತ್ತರ ರಾಶಿ ಹಾಕುವುದು. ಈ ರಾಶಿಯನ್ನು ಇಲ್ಲಿನ ಮರತಜ್ಞರು ಜ್ವಾಲಾಮುಖಿ ಎಂದೇ ಕರೆದು ಹಾಸ್ಯ ಮಾಡುತ್ತಾರೆ. ಅದರಡಿ ತೊಗಟೆ ಸದಾ ಒದ್ದೆಯಾಗಿದ್ದು ಕೊಳೆಯುತ್ತದೆ. ಮಲ್ಚ್ ಎರಡು ಮೂರು ಇಂಚು ದಪ್ಪವಿದ್ದರೆ ಸಾಕು, ಅಗಲಕ್ಕೆ ಹರಡಿರಬೇಕು, ಕಾಂಡಕ್ಕೆ ತಾಗಬಾರದು. ಕಾಂಡ ಬೇರಾಗಿ ಅಗಲವಾಗುವ ಜಾಗ ಕಣ್ಣಿಗೆ ಕಾಣುತ್ತಿರಬೇಕು. ಮಾವನವರು ಕನ್ನಡದಲ್ಲಿ ಪಾತಿಯ ಪರ ವಾದಿಸಿದರು, ಅಜ್ಜ ಇಂಗ್ಲಿಷಿನಲ್ಲಿ ರಾಶಿಯ ಪರ ವಾದಿಸಿದರು. ಇಬ್ಬರೂ ಪರಸ್ಪರ ಒಪ್ಪಿದವರಂತೆ ಕೈಕುಲುಕಿ ಬೀಳ್ಕೊಂಡರು.

ಜೂನ್‌ನಲ್ಲಿ ಹೊಸ ಗಾಬರಿ. ಎಲೆಗಳ ಅಂಚಿನಲ್ಲೆಲ್ಲ ಬಸ್ ಕಂಡಕ್ಟರ್ ಪಂಚ್ ಮಾಡಿದಂತೆ ದುಂಡನೆಯ ಕಿಂಡಿ. “ಮೈಲುತುತ್ತ, ಸುಣ್ಣ ತರಿಸಮ್ಮ, ಬೋರ್ಡೋ ಹೊಡೆಯೋಣ” ಎಂದರು ಮಾವ. ಕಳ್ಳಿ ಯಾರೆಂದರೆ ಎಲೆ ಕತ್ತರಿಸುವ ಒಂಟಿ ಜೇನು. ಅದು ಆ ಚೂರನ್ನು ತಿನ್ನುವುದಿಲ್ಲ. ಗೂಡಿನಲ್ಲಿ ಮರಿಗಳಿಗೆ ತೊಟ್ಟಿಲು ಸುತ್ತಲು ಒಯ್ಯುತ್ತದೆ. ಮರಕ್ಕೆ ನಷ್ಟವಿಲ್ಲ, ಪರಾಗಸ್ಪರ್ಶಕ್ಕೆ ಲಾಭ. ಔಷಧಿ ಹೊಡೆದರೆ ಸಾಯುವುದು ಬಾಣಂತಿ ಎಂದು ವಿವರಿಸಿದ ಮೇಲೆ ಮಾವನವರು ಮೆತ್ತಗಾದರು.

ನಿಜವಾದ ರೋಗ ಕಾಣಿಸಿದ್ದು ಆಮೇಲೆ. ಒಂದು ಕೊಂಬೆಯ ತೊಗಟೆ ಕಪ್ಪಾಗಿ ಒಳಕ್ಕೆ ಕುಸಿದು, ಅದರಿಂದಾಚೆಗಿನ ಎಲೆಗಳೆಲ್ಲ ಬಾಡಿದ್ದವು. ಇದು ಕ್ಯಾಂಕರ್, ಶಿಲೀಂಧ್ರದ ಹುಣ್ಣು. ಗಾಯವಾದಲ್ಲಿ ನುಗ್ಗುತ್ತದೆ, ಬಳಲಿದ ಮರವನ್ನು ಹುಡುಕಿಕೊಂಡು ಬರುತ್ತದೆ. ಬೋರ್ಡೋ ಹೊಡೆದರೂ ವಾಸಿಯಾಗದು. ಒಣ ಹವೆಯಲ್ಲಿ ಹುಣ್ಣಿಗಿಂತ ಕೆಳಗೆ, ಆರೋಗ್ಯವಾಗಿರುವ ಕಡೆ ಕತ್ತರಿಸಿ, ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಬೇಕು, ಅಷ್ಟೇ. ವರ್ಟಿಸಿಲಿಯಂ ಎಂಬ ಇನ್ನೊಂದಿದೆ. ಮಣ್ಣಿನಿಂದ ಬೇರಿಗೆ ಏರಿ ಕೊಂಬೆಗಳನ್ನು ಒಂದೊಂದಾಗಿ ಒಣಗಿಸುತ್ತದೆ. ಅದಕ್ಕೂ ಮದ್ದಿಲ್ಲ. ಅದು ಖಚಿತವಾದ ಜಾಗದಲ್ಲಿ ಮತ್ತೆ ರೆಡ್‌ಬಡ್ ನೆಡದಿರುವುದೇ ಜಾಣತನ. ನಮ್ಮ ಮರದ ಬುಡದಲ್ಲೂ ಗಾಯಗಳಿದ್ದವು. ಹುಲ್ಲು ಸವರುವ ಯಂತ್ರವನ್ನು ಪ್ರತಿ ಶನಿವಾರ ಕಾಂಡಕ್ಕೆ ತಾಗಿಸುತ್ತಿದ್ದವರು ಯಾರೆಂದು ಮಾವನವರು ಕೇಳಿದರು. ಮಗ ಆಫೀಸಿನ ಮೀಟಿಂಗ್ ಇದೆಯೆಂದು ಒಳಗೆ ಹೋದರು.

ಅಂಗಳದ ರೆಡ್‌ಬಡ್ ಹೆಚ್ಚು ಕಾಲ ಬಾಳುವ ಮರವಲ್ಲ. ಇಪ್ಪತ್ತು ಮೂವತ್ತು ವರ್ಷಕ್ಕೆ ಮುದಿಯಾಗಿಬಿಡುತ್ತದೆ. “ತೆಂಗಿಗೆ ಅದು ಮದುವೆ ವಯಸ್ಸು” ಎಂದು ಮಾವನವರು ಮೂಗು ಮುರಿದರು. ಆದರೂ ಹೂವನ್ನು ತಿನ್ನಬಹುದೆಂದು ಕೇಳಿದಾಗ ಅವರ ಗೌರವ ಸ್ವಲ್ಪ ಏರಿತು. ಔಷಧಿ ಕಾಣದ ನಮ್ಮ ಮರದ ಹೂ ಉದುರುವ ಮುಂಚೆ ಒಂದು ಹಿಡಿ ಚಿತ್ರಾನ್ನಕ್ಕೆ ಹಾಕಿದ್ದೆ. ಕರಿಬೇವಿನ ಪಕ್ಕ ಗುಲಾಬಿ ಬಣ್ಣ ಚೆನ್ನಾಗಿ ಕಂಡಿತು. “ಹುಳಿ ಇದೆ, ಸಾಲದು. ನಿಂಬೆಹಣ್ಣು ಹಿಂಡು” ಎಂಬುದು ಅವರ ತೀರ್ಪು.

ನೆಡುವ ಮನಸ್ಸಿದ್ದರೆ ಸಣ್ಣ ಗಿಡವನ್ನೇ ತನ್ನಿ; ದೊಡ್ಡದನ್ನು ಕಿತ್ತು ನೆಟ್ಟರೆ ಅದು ಮುನಿಸಿಕೊಳ್ಳುತ್ತದೆ. ನೀರು ಬಸಿದುಹೋಗುವ, ಮಧ್ಯಾಹ್ನ ತುಸು ನೆರಳು ಬೀಳುವ ಜಾಗ ನೋಡಿ. ಕತ್ತರಿಯನ್ನು ಹೂ ಮುಗಿದ ಮೇಲೆ ಎತ್ತಿಕೊಳ್ಳಿ. ಆರು ತಿಂಗಳ ಮಟ್ಟಿಗೆ ಊರಿಂದ ಹಿರಿಯರು ಬರುವವರಿದ್ದರೆ, ಅವರು ಬರುವ ಮೊದಲೇ ಹಿತ್ತಲಲ್ಲಿ ಬದನೆ, ಮೆಣಸಿನಕಾಯಿಗೆ ಜಾಗ ಗುರುತು ಮಾಡಿಟ್ಟು ಗುದ್ದಲಿಯನ್ನು ಅಲ್ಲೇ ಒರಗಿಸಿಡಿ.